ಮೂವತ್ತೇಳರಲ್ಲಿ ಒಂದು

ಮಾರ್ಚ್ 3

ಅಪ್ಪನಿಗೆ,

ಕ್ಷೇಮ, ಆರೋಗ್ಯ, ನಮಸ್ಕಾರದ ಸಾಲುಗಳನ್ನೆಲ್ಲ ನೀವೇ ಸೇರಿಸಿಕೊಂಡು ಓದಿ. ನನಗೆ ಈಗ ಅಷ್ಟು ತಾಳ್ಮೆ ಇಲ್ಲ. ನಿನ್ನೆಯಿಂದ ಎಷ್ಟು ಸಲ ಫೋನ್ ಮಾಡಿದರೂ ನನ್ನ ದನಿ ಕೇಳಿದ ತಕ್ಷಣ ಇಟ್ಟುಬಿಡುತ್ತೀರಿ. ಕಾಗದವನ್ನಾದರೆ ಹರಿಯುವುದಕ್ಕೂ ಒಮ್ಮೆ ಬಿಚ್ಚಲೇಬೇಕಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಿನ್ನೆ ಮಧ್ಯಾಹ್ನ ನಾನು ರೂಲೆಟ್ ಚಕ್ರ ತಿರುಗಿಸಿ, ಚೆಂಡು ಬಿಟ್ಟು ತಲೆ ಎತ್ತಿದರೆ ಎದುರಿಗೆ ನೀವು. ಆಫೀಸಿನ ಬೀಳ್ಕೊಡುಗೆಯ ದಿನ ಹಾಕಿಕೊಂಡಿದ್ದ ಬೂದು ಕೋಟು, ಮುಂದೆ ಒಂದು ಹಿಡಿ ಜೂಜಿನ ಬಿಲ್ಲೆ. ನನ್ನ ಬಾಯಿ ತನ್ನಷ್ಟಕ್ಕೆ "ಬೆಟ್ ಇಡಿ, ಸರ್" ಅಂದಿತು. ನೀವು ಏನೂ ಆಗಿಲ್ಲವೆಂಬಂತೆ ಕೆಂಪಿಗೆ ಒಂದು ಬಿಲ್ಲೆ ಸರಿಸಿದಿರಿ.

ಮೂರು ವರ್ಷದ ಹಿಂದೆ ನನಗೆ ಈ ಕೆಲಸ ಸಿಕ್ಕಾಗ "ಜೂಜಿನ ಸಂಬಳ ತಗೊಳ್ಳೋಳು ಈ ಮನೆಗೆ ಬರೋದು ಬೇಡ" ಅಂದವರು ಯಾರು? ನಾನಂತೂ ಅಲ್ಲ. ಈಗ ಆ ಸಂಬಳ ಹುಟ್ಟುವ ಜಾಗಕ್ಕೇ ಬಂದು ಕಾಲು ಚಾಚಿ ಕೂತವರು ಯಾರು?

ಒಂದು ವಿಷಯ ಕಿವಿಗೆ ಹಾಕಿಕೊಳ್ಳಿ. ನಮ್ಮ ಕ್ಯಾಸಿನೊದಲ್ಲಿ ಆಟ ನಡೆಸುವ ಡೀಲರ್‌ಗಳ ಮನೆಯವರು ಆಡುವಂತಿಲ್ಲ. ಬಂದರೆ ಡೀಲರೇ ಸೂಪರ್‌ವೈಸರ್‌ಗೆ ಹೇಳಬೇಕು. ಹೇಳದೆ ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ, ಲೈಸೆನ್ಸ್ ಹೋಗುತ್ತದೆ, ಆಮೇಲೆ ಬೇರೆ ಯಾವ ಕ್ಯಾಸಿನೊದವರೂ ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ನಿನ್ನೆ ನಾನು ಹೇಳಲಿಲ್ಲ. ಆ ಜನರ ಮಧ್ಯೆ ನಿಂತು "ಇವರು ನಮ್ಮಪ್ಪ" ಅನ್ನಲು ನಾಲಿಗೆ ಏಳಲಿಲ್ಲ.

ಇನ್ನು ಗೆಲ್ಲುವ ಆಸೆಯಿಂದ ಬಂದಿದ್ದರೆ ಅದನ್ನೂ ಬಿಡಿ. ಚಕ್ರದಲ್ಲಿ ಮೂವತ್ತೇಳು ಮನೆಗಳು. ಹದಿನೆಂಟು ಕೆಂಪು, ಹದಿನೆಂಟು ಕಪ್ಪು, ಒಂದು ಹಸಿರು ಸೊನ್ನೆ. ಕೆಂಪಿಗಿಟ್ಟವರೆಲ್ಲ ಅರ್ಧಕ್ಕರ್ಧ ಅವಕಾಶ ಅಂದುಕೊಳ್ಳುತ್ತಾರೆ. ಆ ಸೊನ್ನೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನನ್ನ ಸಂಬಳ ಬರುವುದೇ ಅಲ್ಲಿಂದ.

ಮತ್ತೆ ಬರಬೇಡಿ.

ನಿಮ್ಮ ಮಗಳು (ಇನ್ನೂ ಹಾಗಂತ ಒಪ್ಪುವುದಾದರೆ)

~

ಮಾರ್ಚ್ 7

ಮೆಣಸು,

ನಿನ್ನ ಬಾಯಿಗೆ ಈ ಹೆಸರು ಇಟ್ಟದ್ದು ಎಷ್ಟು ಸರಿ ಎಂದು ಕಾಗದ ಓದಿ ಮತ್ತೊಮ್ಮೆ ಖಾತ್ರಿಯಾಯಿತು.

ನನಗೆ ನೀನು ಮೂವತ್ತೇಳರಲ್ಲಿ ಒಂದು ಎಂದರೆ ಎಷ್ಟು ಎಂದು ಹೇಳಿಕೊಡುತ್ತೀಯಾ? ವಿಮೆ ಕಂಪನಿಯಲ್ಲಿ ಪ್ರೀಮಿಯಂ ಎಷ್ಟೆಂದು ಲೆಕ್ಕ ಹಾಕುವ ವಿಭಾಗದಲ್ಲಿ ನನ್ನ ಆಯುಷ್ಯವೆಲ್ಲ ಕಳೆದಿದೆ. ಐವತ್ತು ದಾಟಿದ, ಸಿಗರೇಟು ಸೇದುವ, ಎರಡು ಮಹಡಿ ಹತ್ತಿದರೆ ಏದುಸಿರು ಬಿಡುವ ಮನುಷ್ಯ ಇನ್ನೆಷ್ಟು ವರ್ಷ ಇರುತ್ತಾನೆ ಎಂದು ಅವನ ಹೆಂಡತಿಗಿಂತ ಮೊದಲು ನನಗೆ ಗೊತ್ತಿರುತ್ತಿತ್ತು. ನಾವೂ ಮಾಡುತ್ತಿದ್ದದ್ದು ಅದೇ ಕೆಲಸ. ಒಬ್ಬೊಬ್ಬರಿಗೆ ಏನಾಗುತ್ತದೆಂದು ಯಾರೂ ಹೇಳಲಾರರು, ಆದರೆ ಎಲ್ಲರನ್ನೂ ಒಟ್ಟು ಹಾಕಿದರೆ ಕಂಪನಿಗೆ ಎಂದೂ ನಷ್ಟವಿಲ್ಲ. ಎಂಟು ಸಲ ಕಪ್ಪು ಬಂದರೆ ಒಂಬತ್ತನೆಯದು ಕೆಂಪೇ ಬರಬೇಕು ಎಂದು ನನ್ನ ಪಕ್ಕದ ಕುರ್ಚಿಯವನು ಹಣೆ ಹಣೆ ಬಡಿದುಕೊಳ್ಳುತ್ತಿದ್ದನಲ್ಲ, ಅವನಿಗೆ ಬರೆ ನಿನ್ನ ಕಾಗದ. ಹಿಂದೆ ಏನು ಬಿತ್ತು ಎಂದು ಚಕ್ರಕ್ಕೆ ನೆನಪಿರುವುದಿಲ್ಲ ಎಂದು ನನಗೆ ಗೊತ್ತು.

ನೀನು ಮಾಡುವ ಕೆಲಸ ಎಂಥದ್ದು ಎಂದು ನೋಡಬೇಕು ಅನ್ನಿಸಿತು, ಬಂದೆ. ಮೇಜು ಬಿಟ್ಟು ಹೋಗುವ ಮೊದಲು ಎರಡೂ ಅಂಗೈ ಬಿಡಿಸಿ ಮೇಲೆ ತೋರಿಸಿದೆಯಲ್ಲ, ಅದೇಕೆ?

ನಿನ್ನ ಅಮ್ಮನಿಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ ಎಂದು ಹೇಳಿದ್ದೇನೆ. ನೀನು ಬಾಯಿ ಬಿಡಬೇಡ.

ಅಪ್ಪ

~

ಮಾರ್ಚ್ 15

ಅಪ್ಪ,

ಬರಬೇಡಿ ಎಂದು ಬರೆದ ಮೇಲೆ ಮೂರು ಸಲ ಬಂದಿದ್ದೀರಿ. ಅಮ್ಮನ ಲೆಕ್ಕದಲ್ಲಿ ನಿಮಗೆ ಒಟ್ಟು ಎಷ್ಟು ಹಲ್ಲುಗಳಿವೆ?

ಅಂಗೈ ತೋರಿಸುವುದು ಛಾವಣಿಯ ಕ್ಯಾಮೆರಾಕ್ಕೆ. ಕೈಯಲ್ಲಿ ಬಿಲ್ಲೆ ಅಡಗಿಸಿಕೊಂಡಿಲ್ಲ ಎಂದು. ಅಭ್ಯಾಸ ಎಷ್ಟು ಕೆಟ್ಟದ್ದೆಂದರೆ ನಾನು ಹಾಸ್ಟೆಲಿನಲ್ಲಿ ಪಾತ್ರೆ ತೊಳೆದ ಮೇಲೂ ಸಿಂಕಿನ ಮುಂದೆ ನಿಂತು ಅಂಗೈ ತೋರಿಸುತ್ತೇನೆ. ಅಂಥ ಕ್ಯಾಮೆರಾಗಳು ನನ್ನ ಮೇಜಿನ ಮೇಲೆ ಮೂರಿವೆ. ಅವುಗಳ ಕೆಳಗೆ ನೀವು ನಿಮ್ಮ ಮೂಗು, ನಾನು ನಿಮ್ಮದೇ ಮೂಗು ಇಟ್ಟುಕೊಂಡು ಎದುರುಬದುರು ಇರುತ್ತೇವೆ. ನೋಡಿದರೆ ಕುರುಡನಿಗೂ ಗೊತ್ತಾಗುತ್ತದೆ.

ನಿನ್ನೆ ಸೂಪರ್‌ವೈಸರ್ ನನ್ನನ್ನು ಪಕ್ಕಕ್ಕೆ ಕರೆದು, "ಆ ಮೂರನೇ ಕುರ್ಚಿ ತಾತ ಆಟ ನೋಡೋದೇ ಇಲ್ಲ, ನಿನ್ನನ್ನೇ ನೋಡ್ತಾ ಕೂತಿರ್ತಾರೆ. ತೊಂದ್ರೆ ಆಗ್ತಿದ್ರೆ ಹೇಳು, ಹೊರಗೆ ಕಳಿಸ್ತೀನಿ" ಅಂದರು. ನಾನು ಏನನ್ನಲಿ? "ಇಲ್ಲ ಬಿಡಿ, ವಯಸ್ಸಾದೋರು" ಅಂದೆ. ಸುಳ್ಳು ಹೇಳಿ ಬಂದು ಮತ್ತೆ ನಿಮಗೇ "ಸರ್" ಅಂದೆ. ಮೈಯೆಲ್ಲ ಉರಿದುಹೋಯಿತು.

ಲೆಕ್ಕ ಗೊತ್ತು ಅನ್ನುತ್ತೀರಿ. ಗೊತ್ತಿದ್ದವರು ಯಾಕೆ ಕೂರುತ್ತೀರಿ? ಒಂದೇ ಒಂದು ಸಲ ನೇರವಾಗಿ ಉತ್ತರ ಕೊಡಿ.

ಮಗಳು

~

ಮಾರ್ಚ್ 21

ಮೆಣಸು,

ನೇರವಾಗಿಯೇ ಬರೆಯುತ್ತೇನೆ.

ನವೆಂಬರಿನಲ್ಲಿ ನಾನು ನಿನ್ನ ಹಾಸ್ಟೆಲಿಗೆ ಬಂದಿದ್ದೆ. ನೆನಪಿದೆಯೋ ಇಲ್ಲವೋ. ಬಾಗಿಲನ್ನು ಸರಪಳಿ ಬಿಡುವಷ್ಟೇ ತೆರೆದು "ಡ್ಯೂಟಿ ಇದೆ ಅಪ್ಪ, ಆಮೇಲೆ ಫೋನ್ ಮಾಡ್ತೀನಿ" ಅಂದೆ. ಒದ್ದೆ ಕೂದಲು, ಹಲ್ಲಿನಲ್ಲಿ ಕಚ್ಚಿದ ಕ್ಲಿಪ್ಪು. ತಪ್ಪು ನಿನ್ನದಲ್ಲ, ಮನೆಗೆ ಬರಬೇಡ ಎಂದವನು ನಾನೇ. ಮೆಟ್ಟಿಲಿಳಿದು ಬರುವಾಗ ಒಂದು ಕೆಲಸ ಮಾಡಿದೆ. ಹಳೆಯ ಚಾಳಿ, ಲೆಕ್ಕ ಹಾಕಿದೆ.

ನಿನ್ನ ಚಕ್ರ ಗಂಟೆಗೆ ಸುಮಾರು ನಲವತ್ತು ಸಲ ತಿರುಗುತ್ತದೆ. ಪ್ರತಿ ಸುತ್ತಿಗೂ ಒಂದು ಸಣ್ಣ ಬಿಲ್ಲೆ ಕೆಂಪಿಗಿಟ್ಟರೆ ಮೂರು ಗಂಟೆಗೆ ನೂರಿಪ್ಪತ್ತು ಬಿಲ್ಲೆ ಇಟ್ಟಂತೆ. ಅದರಲ್ಲಿ ಮೂವತ್ತೇಳರಲ್ಲಿ ಒಂದು ಪಾಲು ನಿಮ್ಮವರದು. ಸರಾಸರಿ ಮೂರೂಕಾಲು ಬಿಲ್ಲೆ. ಬಸ್ಸಿನ ಖರ್ಚಿಗಿಂತ ಒಂಚೂರು ಜಾಸ್ತಿ, ಸಿನಿಮಾ ಟಿಕೆಟಿಗಿಂತ ಕಡಿಮೆ. ಅಷ್ಟಕ್ಕೆ ಮೂರು ಗಂಟೆ ಹೊತ್ತು ನನ್ನ ಮಗಳ ಮುಖ ನೋಡಬಹುದು. ಬಾಗಿಲು ಹಾಕಿಕೊಳ್ಳುವುದಿಲ್ಲ. ಫೋನ್ ಬಂತು ಎಂದು ಎದ್ದು ಹೋಗುವುದಿಲ್ಲ. ನಾನು ಬಿಲ್ಲೆ ಇಟ್ಟಾಗಲೆಲ್ಲ ಅವಳು ನನ್ನ ಕಡೆ ನೋಡಲೇಬೇಕು. ಸರ್ ಅಂದರೂ ಪರವಾಗಿಲ್ಲ.

ನಾನು ಆಡಲು ಬರುತ್ತಿಲ್ಲ. ಬೆಲೆ ಕೊಟ್ಟು ಕೂರುತ್ತಿದ್ದೇನೆ. ನ್ಯಾಯವಾದ ಬೆಲೆ ಎಂದು ನನಗೆ ಅನ್ನಿಸುತ್ತದೆ.

ನೀನು ಚೆನ್ನಾಗಿ ಕೆಲಸ ಮಾಡುತ್ತೀಯ. ಕುಡಿದು ಬಂದ ಆ ದಪ್ಪ ಮನುಷ್ಯ ಮೇಜು ಗುದ್ದಿದಾಗ ನೀನು ದನಿ ಏರಿಸಲಿಲ್ಲ. ಮನೆಯಲ್ಲಿ ನನಗೆ ಒಂದು ದಿನವೂ ಅಷ್ಟು ತಾಳ್ಮೆ ತೋರಿಸಿದವಳಲ್ಲ.

ಅಪ್ಪ

~

ಮಾರ್ಚ್ 25

ಅಪ್ಪ,

ನಿಮ್ಮ ಕಾಗದವನ್ನು ಸ್ಟಾಫ್ ಕ್ಯಾಂಟೀನಿನಲ್ಲಿ ಓದಿದೆ. ಅತ್ತುಬಿಟ್ಟೆ. ಎದುರಿಗಿದ್ದ ಅಡುಗೆಯವಳು ಊಟದಲ್ಲಿ ಖಾರ ಹೆಚ್ಚಾಯಿತೇನೋ ಎಂದು ನೀರು ತಂದಿಟ್ಟಳು.

ಅಷ್ಟು ದಿನ ಅಷ್ಟು ದೊಡ್ಡ ಲೆಕ್ಕ ಹಾಕುವ ಬದಲು "ಮನೆಗೆ ಬಾ" ಅಂತ ಎರಡು ಮಾತು ಹೇಳಲು ನಿಮಗೆ ಏನಾಗಿತ್ತು? ನಿಮ್ಮ ಸ್ವಾಭಿಮಾನಕ್ಕೆ ಬೆಂಕಿ ಬೀಳಲಿ. ನನ್ನದಕ್ಕೂ ಬೀಳಲಿ. ನವೆಂಬರಿನಲ್ಲಿ ನಿಮ್ಮನ್ನು ಒಳಗೆ ಕರೆಯಬೇಕಿತ್ತು. ಡ್ಯೂಟಿಗೆ ಇನ್ನೂ ಒಂದು ಗಂಟೆ ಇತ್ತು.

ಏಪ್ರಿಲ್ ಮಧ್ಯದಿಂದ ನನ್ನ ಪಾಳಿ ಬದಲಾಗುತ್ತದೆ, ಗುರುವಾರ ರಜೆ ಸಿಗುತ್ತದೆ. ಆಗ ಮನೆಗೆ ಬರುತ್ತೇನೆ. ಅಲ್ಲಿಯವರೆಗೆ ಬರುವುದಾದರೆ ವಾರಕ್ಕೊಮ್ಮೆ ಬನ್ನಿ, ದೂರದ ಕುರ್ಚಿಯಲ್ಲಿ ಕೂತುಕೊಳ್ಳಿ, ಬೇರೆಯವರನ್ನೂ ಸ್ವಲ್ಪ ನೋಡಿ. ಹೀಗೆ ಬರೆಯಬಾರದು, ಸಿಕ್ಕಿಬಿದ್ದರೆ ನನ್ನ ಕಥೆ ಮುಗಿಯಿತು. ಆದರೂ ಬರೆಯುತ್ತಿದ್ದೇನೆ.

ಬೇರೆ ಯಾರಾದರೂ ಆಗಿದ್ದರೆ ನನಗೆ ಹೆದರಿಕೆಯಾಗುತ್ತಿತ್ತು. ದಿನವೂ ನೋಡುತ್ತೇನಲ್ಲ, ಸುಮ್ಮನೆ ನೋಡಿಹೋಗಲು ಬಂದವರು ಹೇಗೆ ಬೇರು ಬಿಡುತ್ತಾರೆಂದು. ನಿಮಗೆ ಲೆಕ್ಕ ಗೊತ್ತು ಅನ್ನುವುದೊಂದೇ ಧೈರ್ಯ.

ನಿಮ್ಮ ಮಗಳು

~

ಏಪ್ರಿಲ್ 4

ಮೆಣಸು,

ಮೊನ್ನೆ ನೀನು "ಹದಿನೇಳು, ಕಪ್ಪು" ಎಂದಾಗ ನಿನ್ನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಬಸ್ಸಿನ ನಂಬರು ಓದಿದ ಹಾಗೆ ಓದಿದೆ. ಒಂದಕ್ಕೆ ಮೂವತ್ತೈದು ಬಂತು ಮಗಳೇ, ನಿನ್ನ ಅಪ್ಪನಿಗೆ.

ಕೆಂಪು ಬಿಟ್ಟು ಒಂಟಿ ಅಂಕಿಗೆ ಇಟ್ಟದ್ದೇಕೆ ಎಂದು ಕಣ್ಣು ಕೆಂಪಗೆ ಮಾಡಬೇಡ. ನ್ಯಾಯವಾಗಿ ಮೂವತ್ತಾರು ಕೊಡಬೇಕಾದ ಕಡೆ ಮೂವತ್ತೈದು ಕೊಡುತ್ತೀರಿ, ಅಂದರೆ ಅಲ್ಲೂ ನಿಮ್ಮ ಪಾಲು ಅದೇ ಮೂವತ್ತೇಳರಲ್ಲಿ ಒಂದು. ಎಲ್ಲಿಟ್ಟರೂ ಬೆಲೆ ಒಂದೇ. ಮೂರು ಗಂಟೆ ಕೆಂಪು ಕೆಂಪು ಎಂದು ಕೂತರೆ ಬೇಜಾರು. ಒಂದೊಂದೇ ಬಿಲ್ಲೆ ಇಟ್ಟರೆ ಪಕ್ಕದವರು ಜಿಪುಣ ಎಂದುಕೊಳ್ಳುತ್ತಾರೆ, ಅದಕ್ಕೆ ಎರಡು ಮಾಡಿದ್ದೇನೆ. ಎರಡು ಮಾಡಿದರೂ ಹೆಚ್ಚೇನಿಲ್ಲ, ಬೇಕಾದರೆ ಲೆಕ್ಕ ಹಾಕಿ ನೋಡು.

ನಿನ್ನ ವಾರಕ್ಕೊಂದು ಸಲದ ನಿಯಮ ಪಾಲಿಸಲು ಪ್ರಯತ್ನಿಸುತ್ತಿದ್ದೇನೆ.

ಅಪ್ಪ

~

ಏಪ್ರಿಲ್ 10

ಅಪ್ಪ,

ಹೇಳಿಬಿಟ್ಟೆ.

ನಿನ್ನೆ ನೀವು ಎದ್ದು ಹೋದ ಮೇಲೆ ಸೂಪರ್‌ವೈಸರ್ ಮತ್ತೆ ಬಂದು, "ನಿಜ ಹೇಳು, ಆ ಹಿರಿಯರು ನಿನಗೇನಾಗ್ಬೇಕು?" ಅಂದರು. ಕೋಪದಲ್ಲಿ ಕೇಳಲಿಲ್ಲ. ಅದಕ್ಕೇ ಸುಳ್ಳು ಹೇಳಲಾಗಲಿಲ್ಲ. "ನಮ್ಮಪ್ಪ" ಅಂದೆ. ಮೂರು ವರ್ಷದಿಂದ ಯಾರ ಹತ್ತಿರವೂ ಆಡದ ಮಾತು.

ಕೆಲಸ ಉಳಿಯಿತು. ಉಳಿದದ್ದು ಅವರ ದಯೆಯಿಂದ. ಒಂದು ಎಚ್ಚರಿಕೆ, ಒಂದು ತಿಂಗಳು ಮೇಜಿನಿಂದ ದೂರ. ಕೂತು ಬಿಲ್ಲೆಗಳನ್ನು ಬಣ್ಣ ಬಣ್ಣವಾಗಿ ವಿಂಗಡಿಸುತ್ತಿದ್ದೇನೆ. ನಿಮ್ಮ ಫೋಟೋ ಬಾಗಿಲಿನವರ ಹತ್ತಿರ ಇದೆ, ಇನ್ನು ನಿಮ್ಮನ್ನು ಒಳಗೆ ಬಿಡುವುದಿಲ್ಲ. ದಯವಿಟ್ಟು ಬಂದು ಅವರೊಂದಿಗೆ ವಾದಕ್ಕಿಳಿಯಬೇಡಿ.

ನಿಮ್ಮ ಹದಿನೇಳರ ಕಾಗದ ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಎಲ್ಲಿಟ್ಟರೂ ಬೆಲೆ ಒಂದೇ ಅಂದಿರಿ. ಸರಾಸರಿಗೆ ಅದು ನಿಜ. ಏರಿಳಿತ ಒಂದೇ ಅಲ್ಲ. ಕೆಂಪಿಗಿಟ್ಟವನು ಒಂದಷ್ಟು ಗೆದ್ದು ಒಂದಷ್ಟು ಸೋತು ಮೆಲ್ಲಗೆ ಕರಗುತ್ತಾನೆ. ಒಂಟಿ ಅಂಕಿಗಿಟ್ಟವನು ಸೋಲುತ್ತಾ ಸೋಲುತ್ತಾ ಕಾಯುತ್ತಾನೆ, ಈಗ ಬಂತು, ಈಗ ಬಂತು ಎಂದು. ಮನುಷ್ಯನನ್ನು ಹಿಡಿಯುವುದು ಸೋಲಲ್ಲ ಅಪ್ಪ, ಆ ಕಾಯುವುದು. ನಿಮ್ಮ ವಿಮೆ ಆಫೀಸಿನಲ್ಲಿ ಯಾರೂ ತಾನು ಬೇಗ ಸಾಯಲಿ ಎಂದು ಕಾಯುತ್ತ ಪ್ರೀಮಿಯಂ ಕಟ್ಟುತ್ತಿರಲಿಲ್ಲ. ಅದಕ್ಕೇ ನಿಮಗೆ ಇದರ ಅಭ್ಯಾಸವಿಲ್ಲ.

ಇರಲಿ, ಅದೆಲ್ಲ ಮುಗಿಯಿತು. ಮುಂದಿನ ಗುರುವಾರದಿಂದ ಮನೆಗೆ ಬರುತ್ತೇನೆ. ಈ ಮುಖ ಇನ್ನು ಪುಕ್ಕಟೆ ನೋಡಿ.

ಮಗಳು

~

ಏಪ್ರಿಲ್ 14

ಮೆಣಸು,

ಬಾ. ನಿನ್ನ ಅಮ್ಮ ನಿನ್ನೆಯಿಂದಲೇ ಪರದೆ ಒಗೆಯುತ್ತಿದ್ದಾಳೆ.

ನನಗೆ ಕೋಪವಿಲ್ಲ. ನೀನು ಮಾಡಿದ್ದು ಸರಿ. ಆ ಫೋಟೋದಲ್ಲಿ ನಾನು ಬಾಯಿ ತೆರೆದುಕೊಂಡಿಲ್ಲ ತಾನೆ?

ಅಪ್ಪ

~

ಮೇ 16

ಅಪ್ಪ,

ಅಮ್ಮನ ಮುಂದೆ ಆಡಲಾಗದ ಮಾತು, ಅದಕ್ಕೆ ಮತ್ತೆ ಕಾಗದ.

ಮೊದಲ ಗುರುವಾರ ನಾನು ಬಂದಾಗ ನೀವು ಬಸ್ ಸ್ಟಾಪಿನಲ್ಲೇ ನಿಂತಿದ್ದಿರಿ. ನನ್ನ ಚೀಲ ಕಿತ್ತುಕೊಂಡು ಮುಂದೆ ನಡೆದಿರಿ. ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ. ಆಮೇಲಿನ ವಾರ ಊಟವಾದ ಮೇಲೆ ಗಡಿಯಾರ ನೋಡಲು ಶುರು ಮಾಡಿದಿರಿ. ಅದರ ಮುಂದಿನ ಎರಡು ವಾರವೂ ಯಾರೋ ಗೆಳೆಯರನ್ನು ನೋಡಬೇಕೆಂದು ನಾನು ಚಪ್ಪಲಿ ಬಿಡುವಾಗಲೇ ಹೊರಟಿರಿ. ನಿನ್ನೆ ಬಂದರೆ ನೀವಿರಲೇ ಇಲ್ಲ. ಅಮ್ಮ ಬಾಗಿಲು ತೆರೆದು, "ಬೆಳಿಗ್ಗೇನೇ ಹೋದ್ರು. ಪಾಪ, ಹಲ್ಲು ತುಂಬಾ ಕಾಡ್ತಿದೆ ಅವರಿಗೆ. ವಾರದಲ್ಲಿ ಮೂರು ದಿನ ಅಲೀತಾರೆ" ಅಂದಳು.

ಅಂಗಡಿಗೆ ಹೋಗಿ ಬರುತ್ತೇನೆಂದು ಅಮ್ಮನಿಗೆ ಹೇಳಿ ನೇರ ಸೇತುವೆ ದಾಟಿದೆ. ಈ ಊರಿನಲ್ಲಿ ನಮ್ಮದು ಬಿಟ್ಟರೆ ಇರುವುದು ಸೇತುವೆಯಾಚೆಯ ಅದೊಂದೇ ಕ್ಯಾಸಿನೊ. ದಾರಿಯುದ್ದಕ್ಕೂ ಅಲ್ಲಿ ನೀವಿರಬಾರದು, ನಿಜವಾಗಿ ನಿಮ್ಮ ಹಲ್ಲೆಲ್ಲ ಹುಳುಕು ಹಿಡಿದಿರಲಿ ಎಂದು ಬೇಡಿಕೊಂಡೆ.

ನೀವು ಕಿಟಕಿ ಪಕ್ಕದ ರೂಲೆಟ್ ಮೇಜಿನಲ್ಲಿದ್ದಿರಿ. ನಿಮ್ಮ ಎಡಗಡೆಯ ಕುರ್ಚಿ ಖಾಲಿಯಿತ್ತು. ನಾನು ಬಂದು ಅದರಲ್ಲೇ ಕೂತೆ. ಬೇರೆ ಕ್ಯಾಸಿನೊದ ಡೀಲರ್ ಆಡಬಾರದು, ಕೂರಬಹುದು. ನೀವು ತಿರುಗಿ ನೋಡುತ್ತೀರಿ, ಬೆಚ್ಚಿಬೀಳುತ್ತೀರಿ, ಆಗ ಹೀಗೆ ಅನ್ನಬೇಕು, ಹಾಗೆ ಅನ್ನಬೇಕು ಎಂದು ಬೈಗುಳಗಳನ್ನೆಲ್ಲ ಬಾಯಲ್ಲಿ ಜೋಡಿಸಿಕೊಂಡಿದ್ದೆ.

ನೀವು ನೋಡಲಿಲ್ಲ. ಚಕ್ರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಕೆಂಪಿಗೆ ಒಂದು ಬಿಲ್ಲೆಯಲ್ಲ, ಮೇಜಿನ ತುಂಬ ಅಂಕಿಗಳ ಮೇಲೆ ಹರಡಿದ್ದಿರಿ. ತುಟಿ ಅಲುಗುತ್ತಿತ್ತು. ನಿಮ್ಮ ಮೊಣಕೈ ನನ್ನ ತೋಳಿಗೆ ತಾಗಿತು, ಎಳೆದುಕೊಂಡಿರಿ. ಒಂದು ಬಿಲ್ಲೆ ಉರುಳಿ ನನ್ನ ಕಾಲ ಬಳಿ ಬಿತ್ತು. ಬಗ್ಗಿ ಎತ್ತಿ ನಿಮ್ಮ ಕೈಗೇ ಕೊಟ್ಟೆ. ನೀವು ಚೆಂಡಿನ ಮೇಲಿನ ಕಣ್ಣು ತೆಗೆಯದೆ "ಥ್ಯಾಂಕ್ಸ್ ಮೇಡಂ" ಅಂದಿರಿ.

ಮೇಡಂ ಅಂದಿರಿ ಅಪ್ಪ.

ನಾನು ಎದ್ದು ಬಂದುಬಿಟ್ಟೆ. ಅಮ್ಮನಿಗೆ ಏನೂ ಹೇಳಲಿಲ್ಲ. ಅಂಗಡಿಯಿಂದ ಏನು ತಂದೆ ಎಂದು ಕೇಳಿದಳು, ಸೋಪು ಅಂದೆ, ಸೋಪೂ ತಂದಿರಲಿಲ್ಲ.

ನನ್ನ ಮುಖದ ಬೆಲೆ ಮೂರೂಕಾಲು ಬಿಲ್ಲೆ ಎಂದು ನೀವು ಬರೆದ ದಿನ ನಾನು ಅತ್ತಿದ್ದೆ. ಈಗ ಅಳುವೂ ಬರುತ್ತಿಲ್ಲ, ಬರೀ ಸಿಟ್ಟು. ಸೇತುವೆಯಾಚೆ ನಾನಿಲ್ಲ. ಯಾರನ್ನು ನೋಡಲು ಅಲ್ಲಿಗೆ ಹೋಗುತ್ತೀರಿ?

ಮಗಳು

~

ಮೇ 22

ಮೆಣಸು,

ನೋಡಿದ್ದೆ, ಬೇಕೆಂದೇ ಸುಮ್ಮನಿದ್ದೆ ಎಂದು ಬರೆಯಲು ಕೂತೆ. ಒಂದು ಹಾಳೆ ತುಂಬ ಬರೆದೆ ಕೂಡ. ಓದಿದರೆ ಎಷ್ಟು ಚೆನ್ನಾಗಿತ್ತೆಂದರೆ ನನಗೇ ನಾಚಿಕೆಯಾಗಿ ಹರಿದು ಹಾಕಿದೆ. ನೋಡಲಿಲ್ಲ ಮಗಳೇ. ನೀನು ಬರೆಯದಿದ್ದರೆ ನನಗೆ ಎಂದಿಗೂ ಗೊತ್ತಾಗುತ್ತಿರಲಿಲ್ಲ.

ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ಆರು ದಿನದಿಂದ ಹುಡುಕುತ್ತಿದ್ದೇನೆ. ತಪ್ಪೇ ಇಲ್ಲ. ಮೂವತ್ತೇಳರಲ್ಲಿ ಒಂದು ಎಂದರೆ ಈಗಲೂ ಅಷ್ಟೇ. ಬೆಲೆ ಸರಿಯಾಗೇ ಕಟ್ಟಿದ್ದೆ. ಕೊಳ್ಳುವ ಸಾಮಾನು ಯಾವಾಗ ಬದಲಾಯಿತು ಎಂಬುದೇ ತಿಳಿಯಲಿಲ್ಲ. ಮೊದಮೊದಲು ನೀನು ವಿರಾಮಕ್ಕೆ ಹೋದರೆ ನಾನೂ ಎದ್ದು ಕಾಫಿ ಕುಡಿದು ಬರುತ್ತಿದ್ದೆ. ಹದಿನೇಳು ಬಂದ ಮೇಲೆ ಏಳುವುದನ್ನು ಬಿಟ್ಟೆ. ಬೇರೆ ಹುಡುಗಿ ಬಂದು ಚಕ್ರ ತಿರುಗಿಸಿದರೂ ಕೂತೇ ಇರುತ್ತಿದ್ದೆ. ಆಗಲೂ ಮನಸ್ಸಿನಲ್ಲಿ ಮಗಳಿಗಾಗಿ ಎಂದೇ ಹೇಳಿಕೊಳ್ಳುತ್ತಿದ್ದೆ. ನಿನ್ನನ್ನು ನೆಪ ಮಾಡಿಕೊಂಡೆ.

ನಿನ್ನ ಅಮ್ಮನಿಗೆ ನಿನ್ನೆ ಎಲ್ಲ ಹೇಳಿದೆ. "ಅವಳು ಬಂದ ದಿನಾನೂ ಹೋಗಿದ್ರಾ?" ಎಂದು ಕೇಳಿದಳು. ಇವತ್ತು ನನ್ನೊಂದಿಗೆ ಮಾತಿಲ್ಲ.

ನನ್ನನ್ನು ಇನ್ನು ಒಳಗೆ ಬಿಡಬೇಡಿ ಎಂದು ಆ ಕ್ಯಾಸಿನೊದವರಿಗೆ ನಾವೇ ಹೇಳಿಕೊಳ್ಳಬಹುದಂತೆ. ಹೇಳಿದರೆ ಆಮೇಲೆ ಬೇಡಿಕೊಂಡರೂ ಬಿಡುವುದಿಲ್ಲವಂತೆ. ಅದನ್ನೇ ಹೇಳಬೇಕೆಂದು ಸೋಮವಾರ ಹೋದೆ. ಕೌಂಟರಿನವರೆಗೂ ನೆಟ್ಟಗೆ ನಡೆದೆ. ಅಲ್ಲಿನ ಹುಡುಗಿ ನಕ್ಕು "ಎಷ್ಟು ಬಿಲ್ಲೆ ಕೊಡ್ಲಿ ಸರ್?" ಅಂದಳು. ಎಷ್ಟೆಂದು ಹೇಳಿಬಿಟ್ಟೆ. ಬುಧವಾರ ಮತ್ತೆ ಹೋದೆ, ಮತ್ತೆ ಅದೇ ಆಯಿತು.

ಇವತ್ತು ಗುರುವಾರ, ನೀನು ಬರಲಿಲ್ಲ. ಮುಂದಿನ ಗುರುವಾರ ಮನೆಗೆ ಬರಬೇಡ, ನೇರ ಸೇತುವೆ ಹತ್ತಿರ ಬಾ. ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡು ಒಳಗೆ ಕರೆದುಕೊಂಡು ಹೋಗು. ಅಲ್ಲಿ ಮಾತಾಡುವುದೆಲ್ಲ ನೀನೇ ಮಾತಾಡು. ನಾನು ಬಾಯಿ ತೆರೆದರೆ ಬಿಲ್ಲೆ ಕೇಳುತ್ತೇನೆ.

ನಿನ್ನ ಅಪ್ಪ